ಕೆಂಪು ಮಣ್ಣಿನ ಊರಿಗೆ ಬಂದ ಬರಹಗಾರ

ಫ್ರಾನ್ಸ್ ದೇಶದ ದಕ್ಷಿಣಕ್ಕೆ ವೋಕ್ಲೂಸ್ ಅಂತ ಒಂದು ಜಿಲ್ಲೆ ಐತಿ. ಆ ಜಿಲ್ಲೆಯ ಆಪ್ಟ್ ಎಂಬ ಪೇಟೆಯ ಹತ್ತಿರ, ಗುಡ್ಡದ ನೆತ್ತಿ ಮೇಲೆ ಕುಂತ ಹಳ್ಳಿ ರೂಸಿಯೋನ್. ಅಲ್ಲಿಯ ಮಣ್ಣು ಕೆಂಪು, ಕೆಲವು ಕಡೆ ಅರಿಶಿಣದ ಬಣ್ಣ. ಎರಿ ಹೊಲದಾಗ ದುಡಿಯುವ ನಮಗೆ ಅಂಥ ಮಣ್ಣು ಹೊಸದು. ಆ ಮಣ್ಣನ್ನು ಅಗೆದು, ನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣ ಮಾಡಿ ಮಾರುವ ಕಸುಬು ಅಲ್ಲಿ ನೂರು ವರ್ಷಕ್ಕೂ ಮೇಲೆ ನಡೆದಿತ್ತು. ಊರಿನ ಗೋಡೆಗಳಿಗೂ ಅದೇ ಬಣ್ಣ. ಸುತ್ತಲೂ ಹೊಲ, ದ್ರಾಕ್ಷಿ ಪಡ.

1942ರ ಅಕ್ಟೋಬರ್ ತಿಂಗಳಲ್ಲಿ ಈ ಊರಿಗೆ ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು ದಣಿದು ಬಂದರು. ಗಂಡಸಿನ ಹೆಸರು ಸ್ಯಾಮ್ಯುಯೆಲ್ ಬೆಕೆಟ್. ಐರ್ಲೆಂಡ್ ದೇಶದವ, ಆಗ 36 ವರ್ಷ, ಎತ್ತರದ ತೆಳ್ಳನೆಯ ಆಳು. ಹೆಣ್ಣುಮಗಳ ಹೆಸರು ಸುಝಾನ್, ಆತನ ಬಾಳಿನ ಜೊತೆಗಾರ್ತಿ. 27 ವರ್ಷದ ನಂತರ, 1969ರಲ್ಲಿ, ಇದೇ ಬೆಕೆಟ್‌ಗೆ ಸಾಹಿತ್ಯದ ನೊಬೆಲ್ ಬಹುಮಾನ ಬಂತು. ಆದರೆ ಅವತ್ತು ಆ ಊರ ಮಂದಿಗೆ ಆತ ಬರೀ ಒಬ್ಬ ಪರದೇಶಿ.

ಆತ ಯಾಕ ಬಂದ ಅಂತ ಮೊದಲು ತಿಳಿಯಬೇಕು. 1939ರಲ್ಲಿ ಎರಡನೇ ಮಹಾಯುದ್ಧ ಸುರುವಾದಾಗ ಬೆಕೆಟ್ ಐರ್ಲೆಂಡಿನಲ್ಲಿ ತನ್ನ ತಾಯಿಯ ಮನೆಯಲ್ಲಿದ್ದ. ಐರ್ಲೆಂಡ್ ಯುದ್ಧಕ್ಕೆ ಇಳಿಯಲಿಲ್ಲ. ಸುಮ್ಮನೆ ಅಲ್ಲೇ ಉಳಿದಿದ್ದರೆ ಹೊಟ್ಟೆಗೂ ಜೀವಕ್ಕೂ ಧಕ್ಕೆ ಇರಲಿಲ್ಲ. ಆದರೂ ಆತ ಪ್ಯಾರಿಸ್‌ಗೆ ತಿರುಗಿ ಹೋದ. 1940ರ ಜೂನ್ 14ಕ್ಕೆ ಹಿಟ್ಲರನ ಸೈನ್ಯ ಪ್ಯಾರಿಸ್ ಹೊಕ್ಕಿತು. ಕಣ್ಣ ಮುಂದೆ ಯಹೂದಿ ಗೆಳೆಯರನ್ನು ಹಿಡಿದುಕೊಂಡು ಹೋಗುವುದನ್ನು ನೋಡಿದ ಬೆಕೆಟ್ 1941ರಲ್ಲಿ ಒಂದು ಗುಪ್ತ ತಂಡ ಸೇರಿದ. ಆತನದು ಬಂದೂಕಿನ ಕೆಲಸ ಅಲ್ಲ. ಶತ್ರುಸೈನ್ಯದ ಓಡಾಟದ ಬಗ್ಗೆ ಚೂರು ಚೂರು ಚೀಟಿಗಳಲ್ಲಿ ಬರುತ್ತಿದ್ದ ಸುದ್ದಿಯನ್ನು ಜೋಡಿಸಿ, ಇಂಗ್ಲಿಷಿಗೆ ತಿರುಗಿಸಿ, ಟೈಪ್ ಮಾಡಿ ಕೊಡುವುದು. ಅದನ್ನು ಸಣ್ಣ ಫೋಟೋ ಮಾಡಿ ಬೆಂಕಿಪೆಟ್ಟಿಗೆಯಲ್ಲಿ ಅಡಗಿಸಿ ಕಳಿಸುತ್ತಿದ್ದರು.

ತಂಡದೊಳಗೆ ಒಬ್ಬ ದ್ರೋಹಿ ಹೊಕ್ಕಿದ್ದ. ಆತ ಒಬ್ಬ ಪಾದ್ರಿ, ಜರ್ಮನರಿಂದ ರೊಕ್ಕ ತಗೊಂಡು ಎಲ್ಲರ ಸುಳಿವು ಕೊಟ್ಟ. 1942ರ ಆಗಸ್ಟ್ 16ಕ್ಕೆ ಬೆಕೆಟ್‌ನ ಹಳೇ ಗೆಳೆಯ ಆಲ್ಫ್ರೆಡ್ ಪೆರೋನ್ ಸೆರೆಯಾದ. ಆತನ ಹೆಂಡತಿ ಆ ದುಃಖದಲ್ಲೂ ಬೆಕೆಟ್‌ಗೆ ಒಂದು ತಂತಿ ಕಳಿಸಿದಳು. ತಂತಿ ಮುಟ್ಟಿದ ಕೆಲವೇ ತಾಸಿನಲ್ಲಿ ಬೆಕೆಟ್, ಸುಝಾನ್ ಮನೆ ಬಿಟ್ಟರು. ವಾರಗಟ್ಟಲೆ ಅಲ್ಲಿ ಇಲ್ಲಿ ಅಡಗಿದರು. ಗಡಿ ದಾಟುವ ದಿನ ಕತ್ತಲಾಗುವ ತನಕ ಒಂದು ಕೊಟ್ಟಿಗೆಯಲ್ಲಿ ಕಾದರು. ಆಮೇಲೆ ದಾರಿ ಬಲ್ಲವನ ಬೆನ್ನು ಹಿಡಿದು ಹಳ್ಳ ದಾಟಿದರು. ಬೆಳದಿಂಗಳಲ್ಲಿ ಕಾವಲು ಸಿಪಾಯಿ ಕಣ್ಣಿಗೆ ಕಾಣುತ್ತಿದ್ದ. ಹಾಗೆ ಜೀವ ಹಿಡಿದುಕೊಂಡು ಮುಟ್ಟಿದ ಊರು ರೂಸಿಯೋನ್.

ಊರೇನೋ ಸಿಕ್ಕಿತು, ಹೊಟ್ಟಿಗೆ? ಯುದ್ಧದ ಕಾಲ, ಎಲ್ಲಾ ಚೀಟಿಯ ಮೇಲೆ. ರೊಕ್ಕ ಇದ್ದರೂ ಕಾಳು ಇಲ್ಲ, ಬೆಕೆಟ್‌ನ ಹತ್ತಿರ ರೊಕ್ಕವೂ ಇಲ್ಲ. ಕಾಲೇಜಿನಲ್ಲಿ ಪಾಠ ಹೇಳಿದ್ದ, ಪುಸ್ತಕ ಬರೆದಿದ್ದ ಆ ಮನುಷ್ಯ ರೈತರ ಹೊಲಕ್ಕೆ ಆಳಾಗಿ ಹೋದ. ಕಟ್ಟಿಗೆ ಕಡಿದ, ಸುಗ್ಗಿಯಲ್ಲಿ ಕೈಹಚ್ಚಿದ, ಬೊನೆಲಿ ಎಂಬ ರೈತನ ಪಡದಲ್ಲಿ ದ್ರಾಕ್ಷಿ ಕೊಯ್ದ. ಕೂಲಿ ರೊಕ್ಕದ್ದಲ್ಲ. ಬಟಾಟಿ, ಕಾಯಿಪಲ್ಲೆ, ಒಂದಿಷ್ಟು ದ್ರಾಕ್ಷಾರಸ. ನಮ್ಮ ಹಿರಿಯರು ಇದನ್ನೇ ಕಾಳಿನ ಕೂಲಿ ಅಂತಿದ್ದರು. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ದ್ರಾಕ್ಷಿ ಕೊಯ್ದವರಿಗೆ ಗೊತ್ತು: ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡೀತದ, ಬೆರಳಿಗೆ ಅಂಟು ಮೆತ್ತಿಕೊಳ್ಳತದ. ಬೆಕೆಟ್‌ನ ಬೆರಳಿಗೂ ಅದೇ ಅಂಟು.

ಕೆಲಸ ಮುಗಿದ ಮೇಲೆ ಅದೇ ಬೆರಳಲ್ಲಿ ಲೇಖನಿ ಹಿಡಿಯುತ್ತಿದ್ದ. ಪ್ಯಾರಿಸ್‌ನಲ್ಲಿ ಸುರು ಮಾಡಿದ್ದ 'ವಾಟ್' ಎಂಬ ಕಾದಂಬರಿಯನ್ನು ಇಲ್ಲಿ ವಹಿಗಳಲ್ಲಿ ಮುಂದುವರಿಸಿದ. ಸುತ್ತಲಿನ ಮಂದಿಯ ಮಾತು ಫ್ರೆಂಚ್, ಆತ ಬರೆಯುತ್ತಿದ್ದದ್ದು ಇಂಗ್ಲಿಷ್. ಯಾರು ಅಚ್ಚು ಹಾಕತಾರ, ಯಾರು ಓದತಾರ ಒಂದೂ ಗೊತ್ತಿಲ್ಲ. ತಲೆ ಕೆಡದಂಗ ಇರಲಿಕ್ಕೆ ಬರೆದೆ ಅನ್ನುವ ಅರ್ಥದ ಮಾತನ್ನು ಆಮೇಲೆ ಹೇಳಿದ್ದಾನೆ. ಆ ಪುಸ್ತಕ ಅಚ್ಚಾಗಿದ್ದು 1953ರಲ್ಲಿ.

ಹಳ್ಳಿ ಅಂದರೆ ಶಾಂತಿ, ಹಳ್ಳಿಗೆ ಹೋಗಿ ಬರೆದ ಅಂದರೆ ಸುಖವಾಗಿ ಬರೆದ ಅಂತ ಪೇಟೆಯ ಮಂದಿ ತಿಳಿಯುತ್ತಾರೆ. ರೂಸಿಯೋನ್ ಸುಮ್ಮನಿತ್ತು, ಖರೆ. ಆದರೆ ಅದು ಉಸಿರು ಬಿಗಿ ಹಿಡಿದ ಸುಮ್ಮನೆ. ಬೆಕೆಟ್ ಬಂದ ಮರು ತಿಂಗಳೇ, 1942ರ ನವೆಂಬರ್ 11ಕ್ಕೆ, ಜರ್ಮನ್ ಸೈನ್ಯ ಫ್ರಾನ್ಸಿನ ದಕ್ಷಿಣ ಭಾಗವನ್ನೂ ಹೊಕ್ಕಿತು. ಆ ಊರಿನಲ್ಲಿ ಬೆಕೆಟ್ ಒಬ್ಬನೇ ಅಲ್ಲ, ಆಂರಿ ಹೇಡನ್ ಎಂಬ ಯಹೂದಿ ಚಿತ್ರಕಾರನೂ ಹೆಂಡತಿಯೊಂದಿಗೆ ಆಸರೆ ಪಡೆದಿದ್ದ. ಆತನ ಜೊತೆ ಬೆಕೆಟ್ ಚದುರಂಗ ಆಡುತ್ತಿದ್ದ. ಯಾವನಾದರೂ ಒಬ್ಬ ಹೊಟ್ಟೆಕಿಚ್ಚಿಗೆ ಒಂದು ಕಾಗದ ಬರೆದು ಹಾಕಿದ್ದರೆ ಸಾಕಿತ್ತು, ಎಲ್ಲರ ಕಥಿ ಮುಗೀತಿತ್ತು. ಎರಡು ವರ್ಷ ಹಾಗೆ ಆಗಲಿಲ್ಲ. ಅಷ್ಟು ದೊಡ್ಡ ಪ್ಯಾರಿಸ್‌ನಲ್ಲಿ ಪಾದ್ರಿಯೊಬ್ಬ ಮಾಡಿದ ಕೆಲಸವನ್ನು ಈ ಗುಡ್ಡದ ಮೇಲಿನ ಹಳ್ಳಿ ಮಾಡಲಿಲ್ಲ.

1944ರ ಬ್ಯಾಸಿಗಿಯಲ್ಲಿ ಅಲ್ಲಿಯ ಹೋರಾಟಗಾರರಿಗೆ ಬೆಕೆಟ್ ಮತ್ತೆ ನೆರವಾದ. ಮದ್ದುಗುಂಡು ಅಡಗಿಸಿ ಇಡುತ್ತಿದ್ದ. ಆಗಸ್ಟ್‌ನಲ್ಲಿ ಅಮೆರಿಕದ ಸೈನ್ಯ ಬಂತು, ಊರು ಬಿಡುಗಡೆ ಆಯಿತು. 1945ರಲ್ಲಿ ಬೆಕೆಟ್ ಪ್ಯಾರಿಸ್‌ಗೆ ಮರಳಿದ. ಫ್ರಾನ್ಸ್ ಸರಕಾರ ಆತನಿಗೆ ಶೌರ್ಯದ ಪದಕ ಕೊಟ್ಟಿತು. ಅದರ ಬಗ್ಗೆ ಆತ ಯಾರ ಮುಂದೂ ಹೇಳಿಕೊಳ್ಳುತ್ತಿರಲಿಲ್ಲ. ಗೆಳೆಯ ಪೆರೋನ್ ಮಾತ್ರ ತಿರುಗಿ ಬರಲಿಲ್ಲ. ಸೆರೆಯಿಂದ ಬಿಡುಗಡೆ ಆಗಿಯೂ ಮನಿ ಮುಟ್ಟುವ ಮೊದಲೇ, 1945ರ ಮೇ 1ಕ್ಕೆ ತೀರಿಕೊಂಡ.

ಇನ್ನು ನಾಟಕದ ವಿಷಯ. 1948ರ ಅಕ್ಟೋಬರ್‌ನಿಂದ 1949ರ ಜನವರಿಯೊಳಗೆ ಬೆಕೆಟ್ ಫ್ರೆಂಚ್ ಭಾಷೆಯಲ್ಲಿ ಒಂದು ನಾಟಕ ಬರೆದ. ಅದೇ 'ಗೋಡೋ'ಗಾಗಿ ಕಾಯುವ ಇಬ್ಬರ ನಾಟಕ. 1953ರ ಜನವರಿ 5ಕ್ಕೆ ಪ್ಯಾರಿಸ್‌ನಲ್ಲಿ ಮೊದಲ ಆಟ ಆಯಿತು, ಮುಂದೆ ಲೋಕವೆಲ್ಲ ಸುತ್ತಿತು. ಹಳ್ಳಿಯ ದಾರಿ, ಒಂದು ಗಿಡ, ಇಬ್ಬರು ಬಡವರು. ತಿನ್ನಲಿಕ್ಕೆ ಗಜ್ಜರಿ, ಮೂಲಂಗಿ. ಬರುತ್ತೇನೆ ಅಂದವ ಬರುವುದಿಲ್ಲ, ಇವರು ಕಾಯುವುದು ಬಿಡುವುದಿಲ್ಲ. ಇದರ ಅರ್ಥ ಏನು ಅಂತ ಪಂಡಿತರು ಇನ್ನೂ ಜಗಳಾಡುತ್ತಾರೆ. ಏಳನೇ ಇಯತ್ತೆ ಕಲಿತ ನನಗೆ ಆ ಜಗಳ ಬ್ಯಾಡ. ಆದರೆ ಮಿರಗದ ಮಳಿಗೆ ಮುಗಿಲು ನೋಡುತ್ತಾ ಕುಂತವನಿಗೆ ಆ ಇಬ್ಬರು ಅಪರಿಚಿತರಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಸಣ್ಣ ಸಂಗತಿ. ಆ ಫ್ರೆಂಚ್ ನಾಟಕದಲ್ಲಿ ಒಬ್ಬ ಇನ್ನೊಬ್ಬನಿಗೆ ನೆನಪು ಮಾಡಿಕೊಡುತ್ತಾನೆ: ನಾವು ವೋಕ್ಲೂಸ್‌ನಲ್ಲಿ ಇದ್ದೆವು, ದ್ರಾಕ್ಷಿ ಕೊಯ್ದೆವು, ಅಲ್ಲಿ ಎಲ್ಲಾ ಕೆಂಪು ಅಂತ. ಯಾರ ಪಡದಲ್ಲಿ ಕೊಯ್ದದ್ದು ಎಂಬುದನ್ನೂ ಹೇಳುತ್ತಾನೆ. ಬೊನೆಲಿಯ ಹೆಸರು ಅಲ್ಲಿದೆ! ಮುಂದೆ ಬೆಕೆಟ್ ತಾನೇ ಇಂಗ್ಲಿಷಿಗೆ ತಿರುಗಿಸುವಾಗ ಊರು ಬದಲಿಸಿದ, ರೈತನ ಹೆಸರು ನೆನಪಾಗದಂತೆ ಮಾಡಿದ. ಇಂಗ್ಲಿಷಿನಲ್ಲಿ ಓದಿದವರಿಗೆ ಬೊನೆಲಿ ಸಿಗುವುದಿಲ್ಲ. ಆ ಊರಿನ ಮಂದಿ ಆಡುವ ಭಾಷೆಯಲ್ಲಿ ಮಾತ್ರ ಆತ ಉಳಿದಿದ್ದಾನೆ.

ನಾವು ಡೊಳ್ಳಿನ ಪದ, ಗೀಗೀ ಪದ ಹಾಡುವವರು ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು ಹಾಡಿ ಮುಗಿಸುತ್ತೇವೆ. ಅದಕ್ಕೆ ಅಂಕಿತ ಅಂತೇವಿ. ಅನ್ನ ಹಾಕಿದ ಊರು, ವಿದ್ಯೆ ಕೊಟ್ಟ ಕೈ ಯಾವುದು ಅಂತ ಸಭೆಗೆ ತಿಳಿಯಬೇಕು. ಬೆಕೆಟ್‌ಗೆ ನಮ್ಮ ಅಂಕಿತ ಗೊತ್ತಿಲ್ಲ. ಆದರೂ ಬೊನೆಲಿಯ ಹೆಸರು ಅಲ್ಲಿ ಅಂಕಿತದ ಹಂಗ ಕುಂತದ ಅಂತ ನನಗೆ ಅನಿಸುತ್ತದೆ.

ಈಗ ನಮ್ಮ ಊರಿನ ಮಾತು. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ನಿಜಾಮನ ಸೀಮೆಯಿಂದ ಮಂದಿ ಗಂಟು ಹೊತ್ತು ಗಡಿ ದಾಟಿ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಬಂದರು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು ಪುಸ್ತಕದಲ್ಲಿ ಐತಿ. ಆ ಮಂದಿಗೆ ಹಕ್ಕಿ ಕೊಟ್ಟಿಗೆಯಲ್ಲಿ ಜಾಗ ಬಿಟ್ಟವರು ಯಾರು, ರೊಟ್ಟಿ ಬಡಿದು ಹಾಕಿದ ಹೆಣ್ಣುಮಕ್ಕಳು ಯಾರು, ಅದು ಯಾವ ಪುಸ್ತಕದಲ್ಲಿ ಐತಿ? ಅವರ ಮನೆಗೆ ಬೆಕೆಟ್‌ನಂಥ ಬರಹಗಾರ ಬರಲಿಲ್ಲ. ಹಾಗಾಗಿ ನಾವೇ ಬರೆಯಬೇಕು.

ಅದನ್ನು ಕಂಡವರು ಈಗ ಎಂಬತ್ತು ದಾಟಿದ್ದಾರೆ, ಕೈಬೆರಳೆಣಿಕೆಯಷ್ಟು ಉಳಿದಿದ್ದಾರೆ. ಶಾಲೆಯ ಗುರುಗಳಲ್ಲಿ ನನ್ನದೊಂದು ಬಿನ್ನಹ. ದೀಪಾವಳಿ ಸೂಟಿಯಲ್ಲಿ ಹುಡುಗರನ್ನು ಮನೆ ಮನೆಗೆ ಕಳಿಸಿರಿ. ಯಾರು ಬಂದಿದ್ದರು, ಯಾವ ಊರಿಂದ, ಯಾರ ಮನೆಯಲ್ಲಿ ಉಂಡರು ಅಂತ ಕೇಳಿ, ಹಿರಿಯರು ಹೇಳಿದ ಮಾತಿನಲ್ಲೇ ಬರೆಸಿರಿ. ಕನ್ನಡದಲ್ಲೇ ಬರೆಸಿರಿ. ಆ ವಹಿಯನ್ನು ಇಡಲಿಕ್ಕೆ ನಮ್ಮ ವಾಚನಾಲಯದ ಕಪಾಟಿನಲ್ಲಿ ಜಾಗ ಐತಿ.