ಮನೆಯ ಸಿಸಿಟಿವಿ: ಕಂಬ ನಮ್ಮ ಅಂಗಳದಲ್ಲಿ, ಕಣ್ಣು ಯಾರ ಅಂಗಳದಲ್ಲಿ?

ಹೊಸಂಗಡಿ ಪರಿಸರದ ಮನೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಈಗ ಅಪರೂಪದ ವಸ್ತುವಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಕಾವಲು ಬೇಕು. ಮಕ್ಕಳು ಗಲ್ಫಿನಲ್ಲಿ, ವೃದ್ಧ ತಂದೆತಾಯಿ ಮಾತ್ರ ಮನೆಯಲ್ಲಿ. ಹಗಲು ಹೊತ್ತು ಗಂಡಹೆಂಡಿರಿಬ್ಬರೂ ಮಂಗಳೂರಿಗೆ ಕೆಲಸಕ್ಕೆ ಹೋಗುವವರು. ಕಾರಣಗಳೆಲ್ಲ ನ್ಯಾಯವಾದವೇ. ಆದರೆ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ನಮ್ಮ ಬಳಿ ನಿಂತು ಮಾತನಾಡುವ ತಾಯಂದಿರಲ್ಲಿ ಕೆಲವರು ಹೇಳುವುದು ಬೇರೆಯೇ ಕತೆ. ಪಕ್ಕದ ಮನೆಯ ಕ್ಯಾಮೆರಾ ತಮ್ಮ ಬಾವಿಕಟ್ಟೆಯ ಕಡೆಗೆ, ಹೊರಗಿನ ಬಚ್ಚಲಿನ ಬಾಗಿಲಿನ ಕಡೆಗೆ, ಬೀಡಿ ಕಟ್ಟಲು ಕುಳಿತುಕೊಳ್ಳುವ ಜಗಲಿಯ ಕಡೆಗೆ ತಿರುಗಿದೆ. ಕೇಳಿದರೆ, ‘ನಮ್ಮ ಜಾಗದಲ್ಲಿ ನಾವು ಇಟ್ಟದ್ದು, ಕೇಳಲು ನೀವು ಯಾರು?’ ಎಂಬ ಉತ್ತರ ಬರುತ್ತದೆ.

ಈ ಉತ್ತರದ ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು. ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದಕ್ಕಿಂತ ಅದು ಎಲ್ಲಿಗೆ ನೋಡುತ್ತದೆ, ಅದರ ಚಿತ್ರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕಾನೂನು ವಿಚಾರಿಸುತ್ತದೆ. ಕ್ಯಾಮೆರಾ ಇಟ್ಟವರಿಗೂ ಅದರ ಕಣ್ಣಿಗೆ ಬಿದ್ದವರಿಗೂ ತಿಳಿದಿರಬೇಕಾದ ವಿಷಯಗಳನ್ನು ನಾವು ಇಲ್ಲಿ ಒಟ್ಟಾಗಿ ಕೊಟ್ಟಿದ್ದೇವೆ.

ಕಾನೂನು ಏನು ಹೇಳುತ್ತದೆ

ಮನೆಗೆ ಕ್ಯಾಮೆರಾ ಹಾಕಿಸಲು ಪಂಚಾಯತಿನ ಪರವಾನಗಿಯಾಗಲಿ ಪೊಲೀಸರ ಅನುಮತಿಯಾಗಲಿ ಬೇಕಿಲ್ಲ. ಮನೆ ಸಿಸಿಟಿವಿಗೆಂದೇ ಮಾಡಿದ ಒಂದು ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಆದುದರಿಂದ ನಿಯಮವೇ ಇಲ್ಲವೆಂದು ಭಾವಿಸುವುದು ತಪ್ಪು. ನಿಯಮಗಳು ನಾಲ್ಕಾರು ಕಡೆ ಹಂಚಿಹೋಗಿವೆ.

ಎಲ್ಲದಕ್ಕೂ ಬುಡದಲ್ಲಿರುವುದು ಖಾಸಗಿತನದ ಹಕ್ಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ವಯಸ್ಸು 86. ನಮ್ಮ ಮಕ್ಕಳಿಗೆ ಪೌರನೀತಿ ಪಾಠ ಹೇಳುವಾಗ ಈ ಹೆಸರನ್ನು ನಾವು ಬಿಡುವುದಿಲ್ಲ.

ಕೇರಳ ಹೈಕೋರ್ಟಿನ ಮುಂದೆ ನೆರೆಮನೆಯ ಕ್ಯಾಮೆರಾದ ದೂರೇ ಬಂದದ್ದುಂಟು. ಎರ್ನಾಕುಳಂ ಜಿಲ್ಲೆಯ ಚೇರಾನಲ್ಲೂರಿನ ಮಹಿಳೆಯೊಬ್ಬರು, ಪಕ್ಕದವರು ಇರಿಸಿದ ಕ್ಯಾಮೆರಾ ತಮ್ಮ ಮನೆಯತ್ತ ನೋಡುತ್ತಿದೆಯೆಂದು ಅರ್ಜಿ ಸಲ್ಲಿಸಿದ್ದರು. 2023ರ ಜನವರಿಯಲ್ಲಿ ನ್ಯಾಯಮೂರ್ತಿ ವಿ. ಜಿ. ಅರುಣ್ ಅವರು, ಸ್ವಂತ ಭದ್ರತೆಯ ನೆಪದಲ್ಲಿ ನೆರೆಯವರ ಮನೆಯ ವ್ಯವಹಾರವನ್ನು ಇಣುಕಿ ನೋಡಲು ಬಿಡಲಾಗದು ಎಂಬ ಪ್ರಾಥಮಿಕ ಅಭಿಪ್ರಾಯವನ್ನು ದಾಖಲಿಸಿ, ಇಂತಹ ಕ್ಯಾಮೆರಾಗಳಿಗೆ ಮಾರ್ಗಸೂಚಿ ಅಗತ್ಯವೆಂದು ಹೇಳಿ, ರಾಜ್ಯ ಪೊಲೀಸ್ ಮುಖ್ಯಸ್ಥರನ್ನು ಪ್ರಕರಣದಲ್ಲಿ ಕಕ್ಷಿಯಾಗಿ ಸೇರಿಸಿದರು. ಪಾಲಾಗದ ತರವಾಡು ಮನೆಯಲ್ಲಿ ಅಣ್ಣತಮ್ಮಂದಿರು ಒಟ್ಟಿಗಿರುವ ನಮ್ಮ ಊರಿನವರು ಕಲ್ಕತ್ತಾ ಹೈಕೋರ್ಟಿನ 2025ರ ಒಂದು ತೀರ್ಪನ್ನೂ ಗಮನಿಸಬೇಕು. ಒಂದೇ ಮನೆಯಲ್ಲಿ ವಾಸಿಸುವ ಸಹೋದರರ ವ್ಯಾಜ್ಯದಲ್ಲಿ, ಇನ್ನೊಬ್ಬ ವಾಸಿಯ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವುದು ಖಾಸಗಿತನದ ಉಲ್ಲಂಘನೆ ಎಂದು ಆ ನ್ಯಾಯಾಲಯ ಹೇಳಿತು; ಅದರ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಮೇ ತಿಂಗಳಲ್ಲಿ ವಜಾಗೊಳಿಸಿತು.

ಇನ್ನು ಶಿಕ್ಷೆಯ ಮಾತು. ಖಾಸಗಿತನ ನಿರೀಕ್ಷಿಸುವ ಸ್ಥಳದಲ್ಲಿ, ಉದಾಹರಣೆಗೆ ಶೌಚಾಲಯದಲ್ಲಿ, ಇರುವ ಮಹಿಳೆಯನ್ನು ಕದ್ದು ನೋಡುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೆ 1ರಿಂದ 3 ವರ್ಷ ಸಜೆ, ದಂಡ. ದೇಹದ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿದರೆ ಅಥವಾ ಕಳುಹಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಅನ್ವಯ 3 ವರ್ಷದವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇರಳದಲ್ಲಿರುವ ನಮಗೆ ಇನ್ನೊಂದು ಕಾನೂನೂ ಇದೆ. 2011ರ ಕೇರಳ ಪೊಲೀಸ್ ಕಾಯ್ದೆಯ 119ನೇ ಸೆಕ್ಷನ್, ಮಹಿಳೆಯರ ನ್ಯಾಯಯುತ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಯಾವುದೇ ಸ್ಥಳದಲ್ಲಿ ಫೋಟೋ ಅಥವಾ ವಿಡಿಯೋ ತೆಗೆಯುವುದನ್ನೂ ಹರಡುವುದನ್ನೂ ಶಿಕ್ಷಾರ್ಹಗೊಳಿಸಿದೆ. ಆದರೆ ದಾರಿಯಲ್ಲಿ ನಡೆದುಹೋದ ದೃಶ್ಯವೆಲ್ಲ ಅಪರಾಧವಾಗುವುದಿಲ್ಲ. ಮನೆಯೆದುರು ನಿಂತಿದ್ದ ಮಹಿಳೆಯ ಫೋಟೋ ತೆಗೆದದ್ದು ಹಳೆಯ ದಂಡ ಸಂಹಿತೆಯ 354ಸಿ ಸೆಕ್ಷನ್ನಿನ ಅಪರಾಧವಾಗದು ಎಂದು 2024ರಲ್ಲಿ ಕೇರಳ ಹೈಕೋರ್ಟೇ ಹೇಳಿದೆ. ದೂರು ಕೊಡುವವರು ಯಾವ ಸ್ಥಳ, ಯಾವ ದೃಶ್ಯ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕಾದುದು ಇದಕ್ಕಾಗಿಯೇ.

ಮನೆಗೆ ಕೊಟ್ಟ ವಿನಾಯಿತಿ ಎಲ್ಲಿಯವರೆಗೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಪ್ರಕಟಣೆಯ ನಂತರ 18 ತಿಂಗಳಿಗೆ ಜಾರಿಯಾಗುವಂತೆ ಹಂತ ಹಂತವಾಗಿ ವ್ಯವಸ್ಥೆ ಮಾಡಲಾಗಿದೆ. ಈ ಕಾಯ್ದೆ ವೈಯಕ್ತಿಕ ಅಥವಾ ಗೃಹ ಉದ್ದೇಶಕ್ಕಾಗಿ ವ್ಯಕ್ತಿಯೊಬ್ಬರು ಬಳಸುವ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ಅಂದರೆ ಸಾಮಾನ್ಯ ಮನೆ ಕ್ಯಾಮೆರಾ ಇದರ ಹೊರಗೆ. ಆದರೆ ಮನೆಯ ಮುಂಭಾಗದಲ್ಲಿ ಅಂಗಡಿ ಇದ್ದರೆ, ಕೋಣೆ ಬಾಡಿಗೆಗೆ ಕೊಟ್ಟಿದ್ದರೆ, ಸಂಜೆ ಮಕ್ಕಳಿಗೆ ಟ್ಯೂಷನ್ ನಡೆಯುತ್ತಿದ್ದರೆ ಅದು ಕೇವಲ ಗೃಹ ಉದ್ದೇಶ ಎಂದು ವಾದಿಸುವುದು ಕಷ್ಟ. ಅದರಲ್ಲೂ 18 ವರ್ಷದೊಳಗಿನವರ ದತ್ತಾಂಶಕ್ಕೆ ರಕ್ಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದು 9ನೇ ಸೆಕ್ಷನ್ ಹೇಳುತ್ತದೆ. ಮನೆ ಟ್ಯೂಷನ್ ನಡೆಸುವ ನಮ್ಮ ಸಹೋದ್ಯೋಗಿಗಳು ಈಗಲೇ ರಕ್ಷಕರಿಂದ ಒಂದು ಹಾಳೆಯಲ್ಲಿ ಲಿಖಿತ ಒಪ್ಪಿಗೆ ಪಡೆದಿಡುವುದು ಲೇಸು.

ಯುರೋಪಿನಲ್ಲಿ ಈ ಪ್ರಶ್ನೆ ಮೊದಲೇ ಇತ್ಯರ್ಥವಾಗಿದೆ. ಮನೆಗೆ ಕಟ್ಟಿದ ಕ್ಯಾಮೆರಾ ಸಾರ್ವಜನಿಕ ದಾರಿಯನ್ನೂ ಎದುರುಮನೆಯ ಬಾಗಿಲನ್ನೂ ಚಿತ್ರೀಕರಿಸುತ್ತಿದ್ದರೆ ಅದು ಶುದ್ಧ ಗೃಹ ಬಳಕೆಯಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಚೆಕ್ ದೇಶದ ಒಂದು ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಅದು ನಮ್ಮನ್ನು ಬಂಧಿಸದು. ಆದರೆ ಅಳತೆಗೋಲು ಒಳ್ಳೆಯದು.

ಕ್ಯಾಮೆರಾ ಇಡುವಾಗ

ಅಂಗಳ, ಗೇಟು, ಕಾರಿನ ಶೆಡ್ಡು, ಅಡಿಕೆ ರಾಶಿ ಇವಿಷ್ಟು ಕಾಣಬೇಕಾದರೆ ಕ್ಯಾಮೆರಾ ಎತ್ತರದಿಂದ ಕೆಳಮುಖವಾಗಿ ನಮ್ಮ ನೆಲವನ್ನೇ ನೋಡಬೇಕು. ಹಾಕಲು ಬಂದವರು ‘ದೂರದವರೆಗೂ ಕಾಣುತ್ತದೆ’ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಆಗಲೇ ಮೊಬೈಲ್ ಪರದೆಯನ್ನು ನೋಡಿ, ಕಲ್ಲಿನ ಕಾಂಪೌಂಡಿನ ಆಚೆ ಏನು ಕಾಣುತ್ತಿದೆ ಎಂದು ಪರೀಕ್ಷಿಸಬೇಕು. ಜಾಗ ಇಕ್ಕಟ್ಟಾಗಿ ನೆರೆಯವರ ಕಿಟಕಿ ತಪ್ಪಿಸಲಾಗದಿದ್ದರೆ ಹೆಚ್ಚಿನ ಡಿವಿಆರ್ ಮತ್ತು ಆ್ಯಪ್‌ಗಳಲ್ಲಿ ‘ಪ್ರೈವೆಸಿ ಮಾಸ್ಕ್’ ಎಂಬ ಸೌಲಭ್ಯವಿರುತ್ತದೆ. ಚಿತ್ರದ ಆ ಭಾಗದ ಮೇಲೆ ಕಪ್ಪು ಚೌಕ ಬೀಳುತ್ತದೆ, ಅಲ್ಲಿನದು ದಾಖಲಾಗುವುದೇ ಇಲ್ಲ. ಆ ಮೇಲೆ ನೆರೆಯವರನ್ನು ಕರೆದು ಪರದೆಯನ್ನು ತೋರಿಸಿಬಿಡಿ. ವಕೀಲರ ನೋಟೀಸಿನಿಂದ ಆಗದ ಕೆಲಸ ಎಷ್ಟೋ ಬಾರಿ ಇದರಿಂದ ಆಗುತ್ತದೆ.

ಗೇಟಿನ ಬಳಿ ಫಲಕ ಹಾಕುವವರು ಇಂಗ್ಲಿಷಿನ ತಯಾರು ಸ್ಟಿಕ್ಕರಿಗೆ ತೃಪ್ತರಾಗದೆ ‘ಇಲ್ಲಿ ಕ್ಯಾಮೆರಾ ಇದೆ’ ಎಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯಿಸಬೇಕು. ಓದಲಾಗದ ಎಚ್ಚರಿಕೆ ಎಚ್ಚರಿಕೆಯಲ್ಲ.

ಧ್ವನಿಯ ವಿಷಯ ಹಲವರಿಗೆ ತಿಳಿದೇ ಇಲ್ಲ. ಈಗಿನ ವೈ-ಫೈ ಕ್ಯಾಮೆರಾಗಳಲ್ಲಿ ಮೈಕ್ ಇದ್ದು, ಅದು ಚಾಲೂ ಸ್ಥಿತಿಯಲ್ಲಿಯೇ ಬರುವುದುಂಟು. ಕಪ್ಪು ಚೌಕ ಚಿತ್ರವನ್ನು ಮುಚ್ಚುತ್ತದೆ, ಮಾತನ್ನು ಮುಚ್ಚುವುದಿಲ್ಲ. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಹೆಂಗಸರು ಆಡಿದ ಮನೆಯ ಕಷ್ಟಸುಖವೆಲ್ಲ ಇನ್ನೊಬ್ಬರ ಮೊಬೈಲಿನಲ್ಲಿ ಉಳಿಯುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ನ್ಯಾಯಾಲಯ 2021ರ ಅಕ್ಟೋಬರ್‌ನಲ್ಲಿ ನೆರೆಮನೆಯ ಕರೆಗಂಟೆ ಕ್ಯಾಮೆರಾದ ಪ್ರಕರಣವೊಂದರಲ್ಲಿ, ಚಿತ್ರಕ್ಕಿಂತಲೂ ಧ್ವನಿ ದಾಖಲೆ ಹೆಚ್ಚು ಹಾನಿಕರವೆಂದು ಕಂಡುಕೊಂಡಿತು. ಆ್ಯಪ್‌ನ ಸೆಟ್ಟಿಂಗಿನಲ್ಲಿ ಧ್ವನಿಯನ್ನು ಆಫ್ ಮಾಡಿಡಿ.

ಮನೆಯೊಳಗಿನ ಕ್ಯಾಮೆರಾ ಇನ್ನೂ ಸೂಕ್ಷ್ಮ. ದುಬಾಯಿಯಲ್ಲಿರುವ ಮಗನಿಗೆ ತಾಯಿಯ ಕ್ಷೇಮ ನೋಡುವ ಆಸೆ ಇರುವುದು ಸಹಜ. ಆದರೆ ಆ ಕ್ಯಾಮೆರಾ ಅಡುಗೆಮನೆಯನ್ನೂ ಪಡಸಾಲೆಯನ್ನೂ ದಿನವಿಡೀ ತೋರಿಸುವಾಗ ಅಲ್ಲಿ ಬದುಕುವವಳು ಸೊಸೆ. ಆಕೆಯನ್ನು ಕೇಳದೆ ಹಾಕಿದ ಕ್ಯಾಮೆರಾ ಕಾವಲಲ್ಲ, ಕಣ್ಗಾವಲು. ಇದನ್ನು ಬರೆಯುವಾಗ ನಮಗೆ ಸಂಕೋಚವಿಲ್ಲ. ಮನೆಗೆಲಸಕ್ಕೆ ಬರುವವರಿಗೂ ತಿಳಿಸಿಯೇ ಇಡಬೇಕು. ಮಲಗುವ ಕೋಣೆ, ಬಚ್ಚಲು, ಬಟ್ಟೆ ಬದಲಿಸುವ ಜಾಗದಲ್ಲಿ ಯಾವ ಕಾರಣಕ್ಕೂ ಕ್ಯಾಮೆರಾ ಸಲ್ಲದು.

2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಟೆಲಿಗ್ರಾಮಿನಲ್ಲಿ ಮಾರಾಟಕ್ಕೆ ಬಂದದ್ದು ಬೆಳಕಿಗೆ ಬಂತು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಬೇರೆ ಯಾವ ಜಾಣ್ಮೆಯಿಂದಲೂ ಅಲ್ಲ, ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡ್‌ಗಳನ್ನು ಯಾರೂ ಬದಲಾಯಿಸದೆ ಇದ್ದುದರಿಂದ. ಕ್ಯಾಮೆರಾ ಹಾಕಿದವನು ಹೊರಟ ಕೂಡಲೇ ಪಾಸ್‌ವರ್ಡ್ ಬದಲಿಸಬೇಕು. ಅವನ ಮೊಬೈಲಿನಲ್ಲಿ ನಮ್ಮ ಮನೆ ತೆರೆದುಕೊಳ್ಳದಂತೆ ನೋಡಿಕೊಳ್ಳಬೇಕು. ಹೊಸದಾಗಿ ಕೊಳ್ಳುವವರು, ಕೇಂದ್ರ ಸರಕಾರ 2025ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿದ ಸುರಕ್ಷತಾ ಪರೀಕ್ಷೆ ಆ ಮಾದರಿಗೆ ಆಗಿದೆಯೇ ಎಂದು ಅಂಗಡಿಯಲ್ಲಿ ಕೇಳಬಹುದು.

ದೃಶ್ಯವನ್ನು ಏನು ಮಾಡುವುದು

ಕಳ್ಳನೊಬ್ಬ ಕಂಡನೆಂದು ಕ್ಲಿಪ್ ಅನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಾಳಿ ಬೆಳೆದಿದೆ. ಕಳ್ಳನಲ್ಲದವನು ಕಳ್ಳನಾದರೆ ಮಾನನಷ್ಟದ ಹೊಣೆ ಹಾಕಿದವರದ್ದೇ. ಕ್ಲಿಪ್‌ನಲ್ಲಿ ಮಕ್ಕಳು ಕಂಡರೆ ಮಾತೇ ಬೇಡ. ಯುಎಇಯಲ್ಲಿ ಕುಳಿತು ಇದನ್ನು ಮಾಡುವವರು ಅಲ್ಲಿನ 2021ರ ಸೈಬರ್ ಕಾನೂನನ್ನು ನೆನಪಿಡಬೇಕು. ಒಪ್ಪಿಗೆಯಿಲ್ಲದೆ ಇತರರ ಚಿತ್ರ ತೆಗೆದು ಹರಡಿದರೆ ಕನಿಷ್ಠ 6 ತಿಂಗಳ ಸಜೆ, 1.5 ಲಕ್ಷದಿಂದ 5 ಲಕ್ಷ ದಿರ್ಹಾಮ್ ದಂಡ, ಇವೆರಡೂ ಅಥವಾ ಎರಡರಲ್ಲೊಂದು.

ದೃಶ್ಯ ಹೋಗಬೇಕಾದುದು ಠಾಣೆಗೆ. ತನಿಖೆಗೆ ಬೇಕಾದರೆ ಠಾಣಾಧಿಕಾರಿ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಪ್ರಕಾರ ಲಿಖಿತವಾಗಿ ಕೇಳಬಹುದು. ಅದು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಜೊತೆಗಿರಬೇಕು. ಡಿವಿಆರ್‌ನ ದಿನಾಂಕ, ಗಂಟೆ ಸರಿಯಿರಬೇಕು. ತಡ ಮಾಡಬಾರದು. ನಾಲ್ಕು ಕ್ಯಾಮೆರಾಗಳು ತಲಾ 2 ಎಂಬಿಪಿಎಸ್ ವೇಗದಲ್ಲಿ ದಾಖಲಿಸಿದರೆ ದಿನಕ್ಕೆ ಸುಮಾರು 86 ಜಿಬಿ ಆಗುತ್ತದೆ. 1 ಟಿಬಿ ಡಿಸ್ಕ್ ಹನ್ನೊಂದು ಹನ್ನೆರಡು ದಿನದಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಮನೆಗೆ ಅಷ್ಟು ದಿನದ ದಾಖಲೆ ಸಾಕು. ತಿಂಗಳುಗಟ್ಟಲೆ ಕೂಡಿಡುವ ಅಗತ್ಯವಿಲ್ಲ.

ದೂರು, ಅದೂ ಕನ್ನಡದಲ್ಲಿ

ಮೊದಲು ಮಾತನಾಡಬೇಕು, ವಾರ್ಡ್ ಸದಸ್ಯರನ್ನೋ ಜನಮೈತ್ರಿ ಪೊಲೀಸರನ್ನೋ ಮುಂದಿಟ್ಟುಕೊಂಡು. ಫಲಿಸದಿದ್ದರೆ ಮಂಜೇಶ್ವರ ಠಾಣೆಗೆ ಲಿಖಿತ ದೂರು. ದೃಶ್ಯ ಅಂತರ್ಜಾಲದಲ್ಲಿ ಹರಡಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿಯೂ ದಾಖಲಿಸಬಹುದು. ಅಕ್ಷಯ ಕೇಂದ್ರದ ಸಹಾಯ ಪಡೆಯುವವರು ಆ ದೃಶ್ಯವನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಬಿಟ್ಟುಬರಬಾರದು. ಕ್ಯಾಮೆರಾವನ್ನು ತಿರುಗಿಸುವಂತೆ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಕೋರುವ ದಾರಿಯೂ ಇದೆ. ಮಹಿಳೆಯರಿಗೂ ಮಕ್ಕಳಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ.

ಇವುಗಳಿಗೆಲ್ಲ ಮಲಯಾಳ ಬರೆಯಲು ಬಾರದೆಂದು ಹಿಂಜರಿದು ಸುಮ್ಮನಾಗುವ ತಾಯಂದಿರನ್ನು ನಾವು ಕಂಡಿದ್ದೇವೆ. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಡಿ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸ್ಥಳೀಯ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಹೊಸ ದತ್ತಾಂಶ ಕಾಯ್ದೆಯೂ ಒಪ್ಪಿಗೆಯ ನೋಟೀಸನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ಕೊಡುತ್ತದೆ. ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಉರ್ದು ಆ ಪಟ್ಟಿಯಲ್ಲಿವೆ. ಹೊಸಂಗಡಿಯ ಪೇಟೆಯಲ್ಲಿ ದಿನವಿಡೀ ಕೇಳಿಬರುವ ತುಳುವೂ ಬ್ಯಾರಿಯೂ ಇಲ್ಲ. ಅದು ಬೇರೆಯೇ ಹೋರಾಟದ ವಿಷಯ.

ದೂರಿನಲ್ಲಿ ಕ್ಯಾಮೆರಾ ಯಾರ ಜಾಗದಲ್ಲಿ, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿದೆ. ಅದರಿಂದ ತಮ್ಮ ಬಾವಿಕಟ್ಟೆ, ಬಚ್ಚಲು, ಕಿಟಕಿ ಇವುಗಳಲ್ಲಿ ಯಾವುದು ಕಾಣುತ್ತದೆ. ಯಾವ ದಿನ ಯಾರ ಮುಂದೆ ಮಾತನಾಡಿದೆವು ಎಂಬುದನ್ನು ಬರೆಯಿರಿ. ತಮ್ಮ ಜಾಗದಲ್ಲಿಯೇ ನಿಂತು ತೆಗೆದ ಎರಡು ಫೋಟೋ ಲಗತ್ತಿಸಿ. ಒಂದು ಪ್ರತಿಯನ್ನು ಇಟ್ಟುಕೊಂಡು, ಠಾಣೆಯ ಸ್ವೀಕೃತಿ ರಸೀದಿಯನ್ನು ಕೇಳಿ ಪಡೆಯಿರಿ. ಕನ್ನಡದ ದೂರನ್ನು ತೆಗೆದುಕೊಳ್ಳಲಾಗದೆಂದು ಯಾರಾದರೂ ಹೇಳಿದರೆ ಆ ಮಾತನ್ನು, ದಿನಾಂಕದೊಡನೆ, ಅದೇ ದೂರಿನ ಪ್ರತಿಯ ಹಿಂಬದಿಯಲ್ಲಿ ಬರೆದುಕೊಂಡು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಕಳುಹಿಸಿ.