ಕೂಲಿಮಠಕ್ಕೆ ಮುನ್ನ

ಐದು ವರ್ಷ ತುಂಬದ ಮಗುವನ್ನು ವಿದ್ಯೆಗೋಸ್ಕರ ಮನೆಯ ಹೊಸ್ತಿಲು ದಾಟಿಸಬೇಕೆಂಬ ಎಣಿಕೆ ನಮ್ಮ ಪೂರ್ವಿಕರಲ್ಲಿ ಇರಲಿಲ್ಲ. ಚೌಲಕರ್ಮವಾದ ಮೇಲೆ ರಾಜಕುಮಾರನು ಲಿಪಿಯನ್ನೂ ಸಂಖ್ಯಾನವನ್ನೂ ಅಭ್ಯಾಸ ಮಾಡತಕ್ಕದ್ದೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. ಇತರರಲ್ಲಿಯೂ ಅಕ್ಷರಾರಂಭಕ್ಕೆ ಐದನೆಯ ವರ್ಷವೇ ಪ್ರಶಸ್ತವೆಂಬ ರೂಢಿ ಬೇರೂರಿದ್ದಿತು. ಅದಕ್ಕೆ ಮುಂಚಿನ ಕಾಲವೆಲ್ಲವೂ ತಾಯಿಯದು, ಅಜ್ಜಿಯದು.

1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ದೇಶೀಯ ವಿದ್ಯಾಭ್ಯಾಸದ ಸ್ಥಿತಿಯನ್ನು ವಿಚಾರಿಸಿ ತಿಳಿಸುವಂತೆ ಕಲೆಕ್ಟರುಗಳಿಗೆ ಅಪ್ಪಣೆ ಮಾಡಿಸಿದನು; ಅದಕ್ಕುತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದ ವರದಿಯು ಅಂದಿನ ದೇಶೀಯ ಶಾಲೆಗಳಾದ ಕೂಲಿಮಠಗಳ ವಿಷಯದಲ್ಲಿ ನಮಗೆ ದೊರೆತಿರುವ ಅಮೂಲ್ಯವಾದ ದಾಖಲೆಗಳಲ್ಲೊಂದು. ಮಗುವಿಗೆ ಐದು ವರ್ಷವಾದಾಗ ಉಪಾಧ್ಯಾಯನನ್ನೂ ಅವನ ಶಿಷ್ಯವರ್ಗವನ್ನೂ ತಂದೆತಾಯಿಗಳು ತಮ್ಮ ಮನೆಗೆ ಆಹ್ವಾನಿಸುತ್ತಿದ್ದರು. ಎಲ್ಲರೂ ಗಣಪತಿಯ ವಿಗ್ರಹದ ಸುತ್ತ ಕುಳಿತಿರಲು, ದೇವರಿಗೆ ಎದುರಾಗಿ ಮಗುವನ್ನು ಕೂರಿಸಿ, ಧೂಪ ನೈವೇದ್ಯಗಳಾದ ಮೇಲೆ ಉಪಾಧ್ಯಾಯನು ಅದರ ಬಾಯಿಂದ ಬುದ್ಧಿಯನ್ನು ಬೇಡುವ ಪ್ರಾರ್ಥನೆಯನ್ನು ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದನು. ಮಗು ಶಾಲೆಗೆ ಹೋಗುವುದಕ್ಕೆ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿದ್ದಿತು! ಈ ಕ್ರಮದಲ್ಲಿ ನನಗೆ ಅತ್ಯಂತ ಗೌರವಯುತವಾಗಿ ಕಾಣುವ ಅಂಶವಿದು.

ಆ ದಿನ ಉಪಾಧ್ಯಾಯನ ಕೈಗೆ ಬರುತ್ತಿದ್ದ ಮಗು ಬರಿಗೈಯಲ್ಲಿ ಬರುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಅಜ್ಜಿಯ ಮುಂದೆ ಕುಳಿತು ವಾರ, ತಿಥಿ, ಮಾಸಗಳನ್ನೂ ಪ್ರಭವ ವಿಭವಾದಿ ಸಂವತ್ಸರಗಳನ್ನೂ ಬಾಯಿಪಾಠ ಮಾಡುವುದು ಕೆಲವು ಮನೆಗಳ ಪದ್ಧತಿಯಾದರೆ, ಒಕ್ಕಲು ಮನೆಗಳಲ್ಲಿ ಮಳೆನಕ್ಷತ್ರಗಳ ಹೆಸರುಗಳೂ ಬೀಸುವ ಕಲ್ಲಿನ ಪದಗಳೂ ಕೇಳಿ ಕೇಳಿಯೇ ನಾಲಗೆಗೆ ಬರುತ್ತಿದ್ದುವು. ಅಳಗುಳಿಮಣೆಯ ಕುಳಿಗಳಿಗೆ ಹುಣಿಸೆಬೀಜಗಳನ್ನು ಹಂಚುತ್ತ ಹಂಚುತ್ತ ಎಣಿಕೆಯೂ, ಅಂಗಳದಲ್ಲಿ ರಂಗವಲ್ಲಿಯ ಚುಕ್ಕಿಗಳನ್ನು ಕೂಡಿಸುವ ತಾಯಿಯ ಕೈಯನ್ನು ನೋಡುತ್ತ ರೇಖೆಯ ನಡೆಯೂ, ಪಾವು ಸೇರುಗಳಲ್ಲಿ ಅಕ್ಕಿಯನ್ನು ಅಳೆಯುವಾಗ ಕಾಲು, ಅರೆ, ಮುಕ್ಕಾಲುಗಳೂ ಅದಕ್ಕೆ ಪರಿಚಿತವಾಗುತ್ತಿದ್ದುವು. ಇನ್ನು ಒಗಟುಗಳು, ಕಥೆಗಳು! ಕೇಳಿದ ಕಥೆಯನ್ನೇ ಮತ್ತೆ ಕೇಳಬಯಸುವ ಮಗುವಿಗೆ ಒಂದು ಮಾತನ್ನೂ ತಪ್ಪಿಸದೆ ಹೇಳಬಲ್ಲ ಮುದುಕಿಯರ ಸ್ಮರಣಶಕ್ತಿಯು ಸಾಮಾನ್ಯವಾದುದಲ್ಲ.

ಈ ಗೃಹಶಿಕ್ಷಣವು ಕ್ಯಾಂಬೆಲನ ಎಣಿಕೆಗೆ ಬರಲಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಲೆಕ್ಕವುಂಟು. ಅವರಲ್ಲಿ ಬಾಲಿಕೆಯರು 60 ಮಂದಿ ಮಾತ್ರ. ಎಂದರೆ ನಾಡಿನ ಮಕ್ಕಳಿಗೆಲ್ಲ ಮೊದಲ ಪಾಠ ಹೇಳಿಕೊಡುತ್ತಿದ್ದವರಲ್ಲಿ ಬಹುಪಾಲಿನವರು ಅಕ್ಷರವನ್ನೇ ಅರಿಯದ ಸ್ತ್ರೀಯರಾಗಿದ್ದರು. ಅವರ ಉಪಕಾರವನ್ನು ಕೊಂಡಾಡುವ ನಾವು, ಅವರಿಗೆ ಓದುಬರಹ ದೊರೆಯದಂತೆ ಮಾಡಿದ ಅನ್ಯಾಯವನ್ನು ಆ ಕೊಂಡಾಟದಿಂದ ಮುಚ್ಚಲಾಗದು.

ಮಠವನ್ನು ಸೇರಿದ ಮೇಲೆ ಮಗು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದಿತು. ಅನಂತರ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದಿತು. ಅಲ್ಲಿ ಓದಿಸುತ್ತಿದ್ದ ಪದ್ಯಗಳ ಭಾಷೆ ಆಡುಮಾತಿಗಿಂತ ಬಹು ದೂರವಾದುದರಿಂದ ಮಕ್ಕಳು ಅರ್ಥವರಿಯದೆಯೇ ಉರು ಹೊಡೆಯುತ್ತಾರೆಂದು ಕ್ಯಾಂಬೆಲ್ ಆಕ್ಷೇಪಿಸಿದ್ದಾನೆ. ಆ ಆಕ್ಷೇಪ ನ್ಯಾಯವಾದುದೇ. ಅಜ್ಜಿಯ ಕಥೆಯಲ್ಲಿ ಅರ್ಥವಾಗದ ಮಾತು ಬಂದರೆ ಮಗು ಅಲ್ಲಿಯೇ ತಡೆದು ಕೇಳಬಹುದಾಗಿದ್ದಿತು; ಮಠದ ಐಗಳ ಮುಂದೆ ಹಾಗೆ ಕೇಳುವ ಧೈರ್ಯ ಯಾವ ಮಗುವಿಗೆ ಬಂದೀತು?

ಅದೇ ವರದಿಯ ಇನ್ನೊಂದು ಭಾಗವನ್ನು ಓದುವಾಗ ಮನಸ್ಸು ಕಲಕುತ್ತದೆ. ವಿಲಾಯಿತಿಯ ಸರಕು ಬಂದು ಇಲ್ಲಿಯ ಹತ್ತಿಬಟ್ಟೆಗೆ ಗಿರಾಕಿಯಿಲ್ಲದಂತಾಗಿ ಕೈಗಾರಿಕೆಯ ಜನರ ಆದಾಯ ಕುಗ್ಗಿದೆಯೆಂದೂ, ಮಧ್ಯಮ ಮತ್ತು ಕೆಳವರ್ಗಗಳ ಬಹುಪಾಲು ಜನರಿಗೆ ಮಕ್ಕಳ ವಿದ್ಯೆಗೆ ವೆಚ್ಚ ಮಾಡುವ ಶಕ್ತಿ ಉಳಿದಿಲ್ಲವೆಂದೂ, ಎಳೆಯ ಕೈಕಾಲುಗಳಿಗೆ ಅಲ್ಪಸ್ವಲ್ಪ ಕಸುವು ಬಂದೊಡನೆಯೇ ಮಕ್ಕಳು ದುಡಿಮೆಗೆ ಇಳಿಯಬೇಕಾಗಿದೆಯೆಂದೂ, ಸುಮಾರು ಹತ್ತು ಲಕ್ಷ ಜನರಿರುವ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿರುವವರು ಏಳು ಸಾವಿರವೂ ಇಲ್ಲವೆಂದೂ ಕಂಪೆನಿಯ ಅಧಿಕಾರಿಯಾದ ಅವನೇ ಬರೆದಿದ್ದಾನೆ. ಅಂತಹ ನೇಕಾರರ ಮನೆಗಳಿಗೆ ಉಪಾಧ್ಯಾಯನನ್ನು ಕರೆಯುವ ಮುಹೂರ್ತವು ಒದಗಲೇ ಇಲ್ಲ. ಅಲ್ಲಿಯ ಹುಡುಗರು ಐದನೆಯ ವರ್ಷದ ತರುವಾಯ ಕಲಿತದ್ದೂ ಮನೆಯಲ್ಲಿಯೇ, ಮಗ್ಗದ ಬಳಿ ಕುಳಿತು.