ತೊಪ್ಪೂರು ದಾರಿಯ ಬಿಡಾರಗಳು

ಮಾರ್ಗಗಳ ಚರಿತ್ರೆಯನ್ನು ಬರೆಯುವವರು ಆ ಮಾರ್ಗದಲ್ಲಿ ಸಾಗಿದ ಸೈನ್ಯಗಳನ್ನೂ ಸರಕುಗಳನ್ನೂ ಎಣಿಸುವರಲ್ಲದೆ, ಹಗಲೆಲ್ಲ ನಡೆದು ದಣಿದ ಪಯಣಿಗನು ಇರುಳನ್ನು ಎಲ್ಲಿ ಕಳೆದನು, ಅಲ್ಲಿ ಅವನಿಗೆ ನೀರು ನೆರಳುಗಳು ಯಾರ ವೆಚ್ಚದಿಂದ ಒದಗಿದುವು ಎಂಬುದನ್ನು ವಿಚಾರಿಸುವುದು ವಿರಳ. ಕೃಷ್ಣಗಿರಿ, ಧರ್ಮಪುರಿಗಳನ್ನು ಹಾದು, ತೊಪ್ಪೂರಿನ ಘಾಟಿಯನ್ನಿಳಿದು, ಓಮಲೂರಿನ ಮೇಲೆ ಸೇಲಂ ಸೇರುವ ದಾರಿಯು ಇಂತಹ ವಿಚಾರಣೆಗೆ ತಕ್ಕುದಾಗಿದೆ. ಏಕೆಂದರೆ ಮೈಸೂರಿನ ಮೇಡುನಾಡಿನಿಂದ ಕೊಂಗುನಾಡಿನ ಬಯಲಿಗೆ ಇಳಿಯುವವರು ಅಲ್ಲಿ ಎಲ್ಲಿಯಾದರೊಂದೆಡೆ ತಂಗದೆ ವಿಧಿಯಿರಲಿಲ್ಲ.

ತಗಡೂರಿನ ಅದಿಯಮಾನ ಅರಸರ ಹೆಸರು ಹೊತ್ತ ಹೆದ್ದಾರಿಯ ದೂರಗಲ್ಲುಗಳು ಧರ್ಮಪುರಿ ಸೀಮೆಯಲ್ಲಿ ದೊರೆತಿವೆ. ಅವುಗಳಲ್ಲೊಂದರ ಮೇಲೆ 29 ಗಾವುದವೆಂದು ತಮಿಳಿನಲ್ಲಿ ಕೆತ್ತಿಸಿದವರು, ಅಷ್ಟಕ್ಕೇ ತೃಪ್ತರಾಗದೆ, ಅಕ್ಷರ ಬಾರದವನಿಗೂ ತಿಳಿಯುವಂತೆ ಎರಡು ದೊಡ್ಡ ಕುಳಿಗಳನ್ನೂ ಒಂಬತ್ತು ಚಿಕ್ಕ ಕುಳಿಗಳನ್ನೂ ಕೊರೆಯಿಸಿದ್ದಾರೆ. ದಾರಿಹೋಕನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಾಲವು ಅವನ ವಿಶ್ರಾಂತಿಯ ವಿಷಯದಲ್ಲಿ ಉದಾಸೀನವಾಗಿದ್ದಿತೆಂದು ನಂಬುವುದು ಕಷ್ಟ.

ತಗಡೂರೇ ಇಂದಿನ ಧರ್ಮಪುರಿ. ಅದು ನೊಳಂಬರ ಆಳ್ವಿಕೆಯಲ್ಲಿದ್ದಾಗ, ಕ್ರಿ.ಶ. 893ರಲ್ಲಿ, ಅಲ್ಲಿ ಬರೆಯಿಸಿದ ಕನ್ನಡ ಶಾಸನವೊಂದು ನಿಧಿಯಣ್ಣ, ಚಂಡಿಯಣ್ಣರೆಂಬ ವರ್ತಕ ಸೋದರರು ಬಸದಿಯನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಮಹೇಂದ್ರ ನೊಳಂಬನಿಂದ ತನಗೆ ಬಂದ ಮೂಲಪಳ್ಳಿಯೆಂಬ ಊರನ್ನು ನಿಧಿಯಣ್ಣನು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನು. ಅದರ ಉದ್ದೇಶಗಳಲ್ಲಿ ಪೂಜೆಯೊಡನೆ ಬಸದಿಯ ದುರಸ್ತಿಯೂ ಸೇರಿತ್ತು. ಬಸದಿಯು ಛತ್ರವಲ್ಲವೆಂಬುದು ನಿಜ. ಆದರೆ ಕಟ್ಟಡವೊಂದು ನಿಲ್ಲಬೇಕಾದರೆ ಅದರ ಬೆನ್ನಿಗೆ ಹುಟ್ಟುವಳಿಯೊಂದು ಇರಬೇಕೆಂಬ ವಿವೇಕವು ಎರಡಕ್ಕೂ ಸಮಾನವಾದುದು. ದಾನಕ್ಕಿಂತ ದಾನದ ಪಾಲನೆಯೇ ಶ್ರೇಯಸ್ಕರವೆಂದು ನಮ್ಮ ಶಾಸನಗಳು ಕೊನೆಯಲ್ಲಿ ಮತ್ತೆ ಮತ್ತೆ ಸಾರುವುದು ಕೇವಲ ವಾಡಿಕೆಯ ಮಾತೆಂದು ತಳ್ಳಿಹಾಕತಕ್ಕುದಲ್ಲ.

ಛತ್ರವೆಂದರೆ ಕಲ್ಲುಕಂಬದ ಪಡಸಾಲೆ, ಮುಂದೊಂದು ಜಗಲಿ, ಹಿತ್ತಿಲಲ್ಲಿ ಸೇದುವ ಬಾವಿ, ಎತ್ತುಗಳು ನೀರು ಕುಡಿಯಲು ಕಲ್ಲಿನ ಬಾನಿ, ಬಂಡಿ ಬಿಡಲು ಹುಣಿಸೆಯ ತೋಪು. ಇವೆಲ್ಲಕ್ಕೂ ಮಿಗಿಲಾಗಿ, ದಿನವೂ ಕಸ ಗುಡಿಸಿ, ಬಾವಿಗೆ ಹಗ್ಗವನ್ನು ಒದಗಿಸಿ, ಸಂಜೆ ದೀಪವಿಡುವ ಒಬ್ಬ ಮನುಷ್ಯ ಮತ್ತು ಅವನ ಹೊಟ್ಟೆಗೆ ಬಿಟ್ಟ ಮಾನ್ಯದ ಹೊಲ. ಬೇಸಗೆಯಲ್ಲಿ ಎತ್ತುಗಳಿಗೆ ಬಿಸಿಲು ತಾಗದಿರಲೆಂದು ಇರುಳು ಹೊತ್ತು ಸಾಗುತ್ತಿದ್ದ ಕಮಾನುಗಾಡಿಯೂ ಒಂದು ಬಗೆಯ ಸಂಚಾರಿ ಮನೆಯೇ: ಒಳಗೆ ಹುಲ್ಲಿನ ಮೇಲೆ ಜಮಖಾನ, ಬುತ್ತಿಯ ಗಂಟು, ನೀರಿನ ಚೆಂಬು, ಮಲಗಿದ ಮಕ್ಕಳು, ಕೆಳಗೆ ಅಚ್ಚಿನಡಿ ತೂಗುವ ಲಾಂದ್ರ. ಅಂತಹ ಗಾಡಿಗೂ ಬೆಳಗಾದರೆ ಛತ್ರ ಬೇಕಾಗುತ್ತಿತ್ತು. ಎಷ್ಟೇ ಸಜ್ಜಾದ ಗಾಡಿಯಾದರೂ ತನ್ನೊಡನೆ ಬಾವಿಯನ್ನು ಒಯ್ಯಲಾರದು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿ ಧರ್ಮಪುರಿಗಳಿದ್ದ ಬಾರಾಮಹಲೂ ಸೇಲಂ ಸೀಮೆಯೂ ಟೀಪೂವಿನ ಕೈಬಿಟ್ಟು ಈಸ್ಟ್ ಇಂಡಿಯಾ ಕಂಪನಿಗೆ ಸೇರಿದುವು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡನ ಸಹಾಯಕನಾಗಿ ಬಂದ ಥಾಮಸ್ ಮನ್ರೋ 1799ರವರೆಗೂ ಈ ಸೀಮೆಯಲ್ಲಿದ್ದು, ಊರಿಂದೂರಿಗೆ ಡೇರೆ ಹಾಕಿಕೊಂಡು ರೈತರ ಕಂದಾಯವನ್ನು ಗೊತ್ತುಮಾಡುತ್ತ ಅಲೆದನು. ಆ ಕೆಲಸದ ಜಂಜಾಟದಲ್ಲಿ ತನ್ನದೆನ್ನಬಹುದಾದ ಗಳಿಗೆಯೊಂದೂ ಉಳಿಯದೆಂದು ಮನೆಯವರಿಗೆ ಬರೆದ ಕಾಗದದಲ್ಲಿ ಬೇಸರಪಟ್ಟಿದ್ದಾನೆ. ಇಂದು ವಿನೋದಕ್ಕಾಗಿ ಡೇರೆಯನ್ನು ಅರಸಿ ಹೋಗುವವರು, ಈ ಸೀಮೆಯಲ್ಲಿ ಡೇರೆಯ ವಾಸವು ದೊರೆಗಳಿಗೂ ದುಡಿಮೆಯ ಕಟ್ಟಾಗಿದ್ದಿತೆಂಬುದನ್ನು ಸ್ಮರಿಸಬಹುದು. ಸಾಹೇಬರ ಮೊಕ್ಕಾಂ ಬಿದ್ದ ಊರಿನಲ್ಲಿ ಸೌದೆ, ಹುಲ್ಲು, ಹಾಲುಗಳನ್ನು ಒದಗಿಸುವ ಪಾಡು ಗೌಡ ಶಾನುಭೋಗರದಾಗಿತ್ತೆಂಬುದು ಬೇರೆ ಮಾತು.

ಛತ್ರಗಳ ಮಾನ್ಯದ ಹುಟ್ಟುವಳಿಯು ಬೇರೆಯವರ ಮನೆ ಸೇರುತ್ತಿದ್ದುದನ್ನು ಕಂಪನಿಯೂ ಕಂಡುಕೊಂಡಿತು. ಮದರಾಸಿನ 1817ರ 7ನೆಯ ರೆಗ್ಯುಲೇಷನ್ನು ದೇವಾಲಯ ಮಸೀದಿಗಳ ದತ್ತಿಗಳೊಡನೆ ಸೇತುವೆ ಛತ್ರಗಳ ಪಾಲನೆಯನ್ನೂ ರೆವಿನ್ಯೂ ಬೋರ್ಡಿನ ಮೇಲ್ವಿಚಾರಣೆಗೆ ತಂದುದಕ್ಕೆ ಇದೇ ಕಾರಣ. ಆದರೆ ದಾನಿಯ ವಂಶದವರಿಗೆ ಇದ್ದ ಅಪಕೀರ್ತಿಯ ಭಯವು ದಫ್ತರಕ್ಕೆ ಇರಲಾರದು. ಅಷ್ಟರಲ್ಲಿ ದಾರಿಯೇ ಬದಲಾಯಿತು. 1862ರಲ್ಲಿ ಪಶ್ಚಿಮದ ಬೇಪೂರನ್ನು ಮುಟ್ಟಿದ ಮದರಾಸು ರೈಲು ಮೊರಪ್ಪೂರಿನ ಮೇಲೆ ಸೇಲಂಗೆ ಬಂದಿತೇ ವಿನಾ ಧರ್ಮಪುರಿಯ ಕಡೆ ತಿರುಗಲಿಲ್ಲ. ಮೊರಪ್ಪೂರಿನಿಂದ ಧರ್ಮಪುರಿಗೆ ಕಿರುಹಳಿಯ ಬಂಡಿ ಬರಲು 1906 ಆಗಬೇಕಾಯಿತು. ದೂರದ ಪ್ರಯಾಣಿಕರು ರೈಲು ಹಿಡಿದ ಮೇಲೆ ಛತ್ರಗಳ ಗಿರಾಕಿ ಕುಗ್ಗಿತು. ಸರ್ಕಾರಿ ಸಂಚಾರದವರಿಗೆ ಮುಸಾಫರಿ ಬಂಗಲೆಗಳಿದ್ದುವು. ನಡೆದುಹೋಗುವ ಬಡವನಿಗೆ ಮುರುಕು ಜಗಲಿ ಉಳಿಯಿತು.

ಈಗ ಕಾಲಚಕ್ರವು ಮತ್ತೊಂದು ಸುತ್ತು ತಿರುಗಿ, ಹಾಸಿಗೆ, ಒಲೆ, ಕಕ್ಕಸುಗಳನ್ನೆಲ್ಲ ಮೋಟಾರಿನೊಳಗೇ ಹೂಡಿದ ಕ್ಯಾರವಾನುಗಳು ಹೊರಟಿವೆ; ನೆರೆಯ ಕೇರಳವು 2021ರಲ್ಲಿ ಇದಕ್ಕೆಂದೇ ಒಂದು ಯೋಜನೆಯನ್ನು ಸಾರಿತು. ಅಂತಹ ಬಾಡಿಗೆ ಬಂಡಿಯೊಂದರಲ್ಲಿ ಬಂಧುಗಳೊಡನೆ ಹೊರಟ ನಾನು, ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿ, ಸಂಜೆಗೆ ಬೆಟ್ಟದ ತಪ್ಪಲಿನ ಒಂದು ಶಿಬಿರಸ್ಥಾನವನ್ನು ತಲಪಿದೆನು. ಹೆಬ್ಬಾಗಿಲಿನಲ್ಲಿ ಉದ್ಘಾಟಿಸಿದವರ ಹೆಸರಿನ ಅಮೃತಶಿಲೆ ಫಳಫಳಿಸುತ್ತಿತ್ತು. ಒಳಗಿನ ನೆಲವಾದರೋ ಒಂದು ಮಗ್ಗುಲಿಗೆ ವಾಲಿದ್ದುದರಿಂದ, ಮಲಗಿದವರ ತಲೆ ಕಾಲಿಗಿಂತ ಕೆಳಗಾಗದಿರಲೆಂದು ಗಾಲಿಗಳಡಿಗೆ ಚಪ್ಪಡಿ ಹುಡುಕಿ ಇಡಬೇಕಾಯಿತು. ನಲ್ಲಿಯನ್ನು ತಿರುಗಿಸಿದರೆ ಗಾಳಿ ಬಂದಿತು. ವಿದ್ಯುತ್ತಿನ ಪೆಟ್ಟಿಗೆಯಲ್ಲಿ ಕಣಜ ಗೂಡುಕಟ್ಟಿತ್ತು. ಸ್ನಾನದ ಮನೆಗೆ ಬೀಗ. ಕಾವಲಿನ ಮುದುಕನು ನಮ್ಮ ಮಾತು ಕೇಳಿ ತಾನೂ ಕನ್ನಡಕ್ಕೆ ಹೊರಳಿ, “ಬೀಗದ ಕೈ ಸಂತೆಗೆ ಹೋಗೈತೆ ಸಾಮಿ” ಎಂದನು. ಕೈಯನ್ನು ಇಟ್ಟುಕೊಂಡವನು ಮರುದಿನ ನಾವು ಹೊರಡುವವರೆಗೂ ಸಂತೆಯಿಂದ ಮರಳಲಿಲ್ಲ. ಬಾಡಿಗೆಯನ್ನು ಮಾತ್ರ ಮುಂಗಡವಾಗಿಯೇ ತೆತ್ತಿದ್ದೆವು.

ಮುದುಕನ ಮೇಲೆ ಕೋಪಿಸಿ ಫಲವಿಲ್ಲ. ಕೀಲಿಕೈಯೂ ಅವನಲ್ಲಿರಲಿಲ್ಲ, ನಲ್ಲಿ ರಿಪೇರಿಗೆ ಬೇಕಾದ ಕಾಸೂ ಅವನಲ್ಲಿರಲಿಲ್ಲ. ಪ್ರವಾಸಿಗಳ ತಾಣಗಳಿಗೆ ಇಂದು ಕಟ್ಟುವ ಹಣಕ್ಕೆ ಕೊರತೆಯಿದ್ದಂತೆ ತೋರದು. ಕಟ್ಟಿದ ಮಾರನೆಯ ದಿನದಿಂದ ಬೇಕಾಗುವ ಹಣಕ್ಕೆ ಒಡೆಯನಿಲ್ಲ. ಅಮೃತಶಿಲೆಯ ಮೇಲೆ ಉದ್ಘಾಟಕರ ಹೆಸರಿನ ಕೆಳಗೆ ಇನ್ನೆರಡು ಪಂಕ್ತಿಗಳಿಗೆ ಸ್ಥಳವಿತ್ತು: ಈ ಜಾಗದ ದುರಸ್ತಿಗೆ ಮೀಸಲಾದ ಹಣವೆಷ್ಟು, ಅದಕ್ಕೆ ಹೊಣೆಗಾರರು ಯಾರು. ನಿಧಿಯಣ್ಣನಿಗೆ ಅದನ್ನು ಬರೆಯಿಸುವ ಯೋಗ್ಯತೆ ಬರಲು ಒಂದು ಊರನ್ನೇ ಬಿಟ್ಟುಕೊಡಬೇಕಾಯಿತು. ಈಗಿನವರಿಗೆ ನಾವು ತೆರುವ ಬಾಡಿಗೆಯಲ್ಲಿ ಒಂದು ಪಾಲು ಸಾಕು.